ನಿಮಗಿದು ಗೊತ್ತೆ? ಗಡ್ಡೆ ತೆಗೆದ ಮೇಲೂ ತಲೆನೋವು!

ಮಿದುಳಿಗೆ ಸ್ವತಃ ನೋವು ತಿಳಿಯದು. ನೋಯುವುದು ಅದರ ಹೊರಪೊರೆ ಮತ್ತು ರಕ್ತನಾಳಗಳು. ಹಾಗಾಗಿ ಕಿವಿಯಿಂದ ಮಿದುಳಿಗೆ ಹೋಗುವ ಎಂಟನೇ ಕಪಾಲ ನರದ ಮೇಲೆ ಬೆಳೆಯುವ ‘ಅಕೌಸ್ಟಿಕ್ ನ್ಯೂರೋಮಾ’ ಗಡ್ಡೆ ಚಿಕ್ಕದಿರುವಾಗ ಸಾಮಾನ್ಯವಾಗಿ ತಲೆನೋವು ತರುವುದಿಲ್ಲ. ಮೊದಲು ಕೈಕೊಡುವುದು ಒಂದು ಕಿವಿ. ಫೋನನ್ನು ಆ ಕಿವಿಗಿಟ್ಟರೆ ಮಾತು ಅಸ್ಪಷ್ಟ, ಒಳಗೆ ಸದಾ ಗುಂಯ್ ಎನ್ನುವ ಸದ್ದು, ನಡೆಯುವಾಗ ಓಲಾಟ. ಇದು ಕ್ಯಾನ್ಸರ್ ಅಲ್ಲ, ಬೆಳೆಯುವುದೂ ಬಲು ನಿಧಾನ.

ವಿಚಿತ್ರವೆಂದರೆ, ಗಡ್ಡೆ ತೆಗೆದ ಮೇಲೆ ಕೆಲವರಿಗೆ ಹೊಸದಾಗಿ ತಲೆನೋವು ಶುರುವಾಗುತ್ತದೆ! ಕಿವಿಯ ಹಿಂಬದಿಯ ತಲೆಬುರುಡೆ ಕೊರೆದು ಮಾಡುವ ಆಪರೇಷನ್‌ನಲ್ಲಿ ಇದು ಹೆಚ್ಚು. ಡ್ರಿಲ್ ಮಾಡುವಾಗ ಉದುರಿದ ಮೂಳೆಪುಡಿ ಪೊರೆಯನ್ನು ಕೆರಳಿಸಬಹುದು. ಕತ್ತಿನ ಸ್ನಾಯು ಪೊರೆಗೇ ಅಂಟಿಕೊಂಡರಂತೂ ತಲೆ ಹೊರಳಿಸಿದಾಗ ಪೊರೆಯನ್ನು ಜಗ್ಗುತ್ತದೆ. ಅದಕ್ಕೇ ಅನೇಕ ಶಸ್ತ್ರಚಿಕಿತ್ಸಕರು ಆ ಕಿಂಡಿಯನ್ನು ಮೂಳೆ ತುಂಡು ಅಥವಾ ಮೂಳೆ ಸಿಮೆಂಟಿನಿಂದ ಮುಚ್ಚುತ್ತಾರೆ. ಹೆಚ್ಚಿನವರಲ್ಲಿ ನೋವು ಕಾಲಕ್ರಮೇಣ ತಗ್ಗುತ್ತದೆ. ಕೆಲವರನ್ನು ಮಾತ್ರ ವರ್ಷಗಟ್ಟಲೆ ಕಾಡುತ್ತದೆ.

‘ಹಲ್ಕ್’ ಪಾತ್ರದ ಹಾಲಿವುಡ್ ನಟ ಮಾರ್ಕ್ ರಫಲೋ ಕೂಡ ಇದೇ ಗಡ್ಡೆ ತೆಗೆಸಿಕೊಂಡವರು. ಆಪರೇಷನ್ ನಂತರ ಕಾಡಿದ ಮುಖದ ಪಾರ್ಶ್ವವಾಯು ತಿಂಗಳುಗಳಲ್ಲಿ ವಾಸಿಯಾಯಿತು, ಎಡಗಿವಿಯ ಶ್ರವಣ ಮರಳಲಿಲ್ಲ.

ಒಂದೇ ಕಿವಿ ಮಂದವಾಗುತ್ತಿದ್ದರೆ ವಯಸ್ಸಿನ ಮೇಲೆ ಹಾಕದೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಎಂಆರ್‌ಐ ಸ್ಕ್ಯಾನ್‌ನಲ್ಲಿ ಪುಟ್ಟ ಗಡ್ಡೆಯೂ ಕಾಣುತ್ತದೆ.