ಎರಡು ಅಲಗು ಸೇರುವಲ್ಲಿ

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯ ದಡ. ಬೆಳಗಿನ ಆರೂವರೆ. ಉಬ್ಬರ ಏರುತ್ತಿತ್ತು, ಮೀನು ಎದ್ದು ಬೀಳುವ ಸದ್ದು ಕಿವಿಗೆ ಬೀಳುತ್ತಿತ್ತು. ನಾನು ಮಾತ್ರ ಗಾಳದ ದಾರದ ತುದಿ ಹಿಡಿದು ಕೂತಿದ್ದೆ. ಕೈಯಲ್ಲಿದ್ದ ಕತ್ತರಿ ಹೊಸದು, ಕಾಗದವನ್ನು ಸರ್ರನೆ ಸೀಳುತ್ತಿತ್ತು. ದಾರವನ್ನು ಅದರ ಬಾಯಿಗೆ ಕೊಟ್ಟರೆ ದಾರ ತುಂಡಾಗುವ ಬದಲು ನಡುವೆ ಮಡಚಿಕೊಂಡು ಸುಮ್ಮನಾಗುತ್ತಿತ್ತು. ಜಗ್ಗಿದರೆ ತುದಿ ದೀಪದ ಬತ್ತಿಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಬತ್ತಿಯಾದ ತುದಿ ಕೊಕ್ಕೆಯ ಕಣ್ಣಿಗೆ ಪೋಣಿಸಲು ಬರುವುದಿಲ್ಲ. ಕೊನೆಗೆ ಬೆರಳಿಗೆ ಸುತ್ತಿ ಎಳೆದೆ. ದಾರ ತುಂಡಾಗಲಿಲ್ಲ, ತೋರುಬೆರಳಿನ ಗೆಣ್ಣು ಕೊಯ್ದುಹೋಯಿತು. ಆ ಗೀರು ಇನ್ನೂ ಮಾಸಿಲ್ಲ.

ಹವ್ಯಾಸಕ್ಕೆ ಗಾಳ ಹಾಕುವವರು ಈಗ ಹೆಚ್ಚಾಗಿ ಬಳಸುವುದು ಈ ಹೆಣೆದ ದಾರವನ್ನೇ. ಬಾಯಿಮಾತಿನಲ್ಲಿ ಬ್ರೇಡ್. ನಾಲ್ಕು ಎಳೆಯದು, ಎಂಟು ಎಳೆಯದು ಎಂದು ಕೇಳಿ ಕೊಳ್ಳುತ್ತಾರೆ. ಹಳೆಯ ನೈಲಾನ್ ದಾರ ಒಂಟಿ ಎಳೆ, ಗಾಜಿನ ಕಡ್ಡಿಯ ಹಾಗೆ. ಬ್ರೇಡ್ ಜಡೆಯ ಹಾಗೆ. ಅದೇ ತೂಕ ತಡೆಯಲು ನೈಲಾನ್ ಎಷ್ಟು ದಪ್ಪ ಬೇಕೋ ಅದರ ಅರ್ಧದಷ್ಟು ದಪ್ಪದ ಬ್ರೇಡ್ ಸಾಕು. ಅದು ಹಿಗ್ಗುವುದಿಲ್ಲ, ಹಾಗಾಗಿ ಆಳದಲ್ಲಿ ಮೀನು ಮೂತಿ ತಾಗಿಸಿದರೂ ಕೈಗೆ ತಿಳಿಯುತ್ತದೆ.

ಈ ದಾರ ಯಾವುದರಿಂದ ಆದದ್ದು ಎಂದು ತಿಳಿದಾಗ ನನಗೆ ಅಚ್ಚರಿಯಾಯಿತು. ಬೆಳಿಗ್ಗೆ ಬಾಗಿಲಿಗೆ ಬರುವ ಹಾಲಿನ ಕವರ್ ಯಾವುದರದೋ ಅದೇ ಪಾಲಿಥಿನ್! ವ್ಯತ್ಯಾಸ ಇರುವುದು ಅಣುಸರಪಳಿಯ ಉದ್ದದಲ್ಲಿ ಮತ್ತು ಜೋಡಣೆಯಲ್ಲಿ. ಹಾಲಿನ ಕವರ್‌ನಲ್ಲಿ ಸರಪಳಿಗಳು ಬೇಯಿಸಿದ ಶಾವಿಗೆಯ ಹಾಗೆ ಹೇಗೆಂದರೆ ಹಾಗೆ ಬಿದ್ದಿರುತ್ತವೆ. ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿಯಲ್ಲಿದ್ದ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1979ರ ಹೊತ್ತಿಗೆ ಬಹಳ ಉದ್ದದ ಸರಪಳಿಯ ಪಾಲಿಥಿನ್ ಅನ್ನು ದ್ರಾವಕದಲ್ಲಿ ಕರಗಿಸಿ, ಲೋಳೆಯಂಥ ನೂಲು ತೆಗೆದು, ಅದನ್ನು ಹತ್ತಾರು ಪಟ್ಟು ಎಳೆದು ನೋಡಿದರು. ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಬಾಚಿದಂತೆ ಸಾಲಾದವು. ಡೈನೀಮಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಆ ನೂಲು, ತೂಕಕ್ಕೆ ತೂಕ ಇಟ್ಟರೆ, ಉಕ್ಕನ್ನು ಎಷ್ಟೋ ಹಿಂದೆ ಹಾಕುತ್ತದೆ. ಗುಂಡು ತಡೆಯುವ ಅಂಗಿಯಲ್ಲಿ, ಹಡಗು ಕಟ್ಟುವ ಹಗ್ಗದಲ್ಲಿ ಅದು ಇದೆ. ಸಾಂದ್ರತೆ 0.97, ಹಾಗಾಗಿ ನೀರಿನ ಮೇಲೆ ತೇಲುತ್ತದೆ. ಮೇಲ್ಮೈ ವಿಪರೀತ ನುಣುಪು. ಒಂದೊಂದು ನೂಲೂ ತಲೆಗೂದಲಿಗಿಂತ ಸಪೂರ.

ನುಣುಪು, ಸಪೂರ, ಗಟ್ಟಿ. ಕತ್ತರಿಗೆ ಇವು ಮೂರೂ ಒಟ್ಟಿಗೆ ಎದುರಾದಾಗ ಏನಾಗುತ್ತದೆ ಎಂದು ನನಗೆ ವಿವರಿಸಿದವರು ಮೀನು ಹಿಡಿಯುವವರಲ್ಲ, ಬೆಂಗಳೂರಿನ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಬ್ಬ ಹಿರಿಯ ಟೂಲ್‌ಮೇಕರ್.

ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕೆಯ ಊರಾಗಿ. 1949ರಲ್ಲಿ ಸಿ. ರಾಜಗೋಪಾಲಾಚಾರಿ ಗವರ್ನರ್ ಜನರಲ್ ಆಗಿದ್ದಾಗ ಅಡಿಗಲ್ಲು ಬಿತ್ತು, ಹೆಸರೂ ಅವರದೇ ಉಳಿಯಿತು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಇಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಜಿಟಿಟಿಸಿ ಎಂದರೆ ಎಲ್ಲರಿಗೂ ಗೊತ್ತು. ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗರು ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಗೆ ಸೇರುತ್ತಾರೆ. ಮೊದಲು ಕೈಗೆ ಸಿಗುವುದು ಅರ. ಕಬ್ಬಿಣದ ತುಂಡನ್ನು ಅರದಲ್ಲಿ ಉಜ್ಜಿ, ಮಟ್ಟಗೋಲಿಟ್ಟು ಬೆಳಕಿಗೆ ಹಿಡಿದು, ಬೆಳಕು ಎಲ್ಲಿ ನುಸುಳಿತೋ ಅಲ್ಲಿ ಮತ್ತೆ ಉಜ್ಜುವುದು. ಬೇಜಾರಿನ ಕೆಲಸ ಅನ್ನಿಸಬಹುದು. ಆದರೆ ಕಣ್ಣಿಗೆ ಕಾಣದ ಸಂದನ್ನು ಗುರುತಿಸುವ ಅಭ್ಯಾಸ ಬರುವುದು ಅಲ್ಲಿಂದಲೇ. ಬೆಂಗಳೂರಿನ ಕಾರ್ಖಾನೆಗಳು ನಿಂತಿರುವುದು ಈ ಅಭ್ಯಾಸದ ಮೇಲೆ ಎಂದು ನಾನು ನಂಬಿದ್ದೇನೆ.

ಆ ಹಿರಿಯರ ಶೆಡ್ಡು ಎಸ್ಟೇಟಿನ ಹಿಂದಿನ ಸಾಲಿನಲ್ಲಿದೆ. ಒಂದು ಟೂಲ್ ಅಂಡ್ ಕಟರ್ ಗ್ರೈಂಡರ್, ಒಂದು ಸರ್ಫೇಸ್ ಗ್ರೈಂಡರ್, ಗೋಡೆಯ ಮೇಲೆ ಮಂಜುನಾಥಸ್ವಾಮಿ. ಮಿಲ್ಲಿಂಗ್ ಕಟರ್, ರೀಮರ್, ಪಂಚು ಸಾಣೆಗೆ ಬರುತ್ತವೆ. ಕತ್ತರಿ ತಂದವರು ಕಡಿಮೆ. ನನ್ನ ಕತ್ತರಿ ತೆಗೆದುಕೊಂಡು ಅವರು ಅಂಚು ಮುಟ್ಟಿ ನೋಡಲೇ ಇಲ್ಲ. ತಿರುಪಿನ ಹತ್ತಿರ ಹೆಬ್ಬೆರಳಿಟ್ಟು ಎರಡು ಅಲಗನ್ನೂ ಅಡ್ಡಡ್ಡಕ್ಕೆ ಅಲ್ಲಾಡಿಸಿದರು.

“ಪ್ಲೇ ಇದೆ ನೋಡಿ ಸಾರ್. ಹರಿತ ಏನ್ ಮಾಡುತ್ತೆ ಪಾಪ?”

ಆಮೇಲೆ ಅವರು ಪ್ರೆಸ್ ಟೂಲಿನ ಲೆಕ್ಕದಲ್ಲೇ ಹೇಳಿದರು. ತಗಡಿನಲ್ಲಿ ತೂತು ಹೊಡೆಯುವಾಗ ಮೇಲಿನಿಂದ ಒತ್ತುವ ಪಂಚಿಗೂ ಕೆಳಗಿನ ತೂತಿನ ಡೈಗೂ ನಡುವೆ ಸಂದು ಬಿಡಬೇಕು. ಒಂದು ಮಿಲಿಮೀಟರ್ ಮೈಲ್ಡ್ ಸ್ಟೀಲ್ ತಗಡಿಗೆ ಒಂದೊಂದು ಬದಿಗೆ ಸುಮಾರು 0.05 ಮಿಲಿಮೀಟರ್. ಸಂದು ಹೆಚ್ಚಾದರೆ ತಗಡು ತುಂಡಾಗುವ ಬದಲು ಬಾಗಿ, ಹರಿದು, ಅಂಚಿನಲ್ಲಿ ಬರ್, ಅಂದರೆ ಸಣ್ಣ ಮುಳ್ಳು, ಏಳುತ್ತದೆ. ಕತ್ತರಿಯೂ ಪಂಚು-ಡೈ ಜೋಡಿಯೇ. ಕಾಗದಕ್ಕೆ, ಬಟ್ಟೆಗೆ ಚೂರು ಸಂದಿದ್ದರೂ ನಡೆಯುತ್ತದೆ. ಕೂದಲಿಗಿಂತ ಸಪೂರದ ನೂಲಿಗೆ ಆ ಸಂದೇ ಹೆದ್ದಾರಿ, ನುಸುಳಿ ಮಲಗಿಬಿಡುತ್ತದೆ. “ನಿಮ್ಮ ದಾರದ ತುದೀಲಿ ಬತ್ತಿ ಎದ್ದಿದೆ ಅಂತೀರಲ್ಲ, ಅದೇ ನಮ್ಮ ಬರ್ರು” ಎಂದರು.

ಅಂಗಡಿಯಲ್ಲಿ ಕತ್ತರಿ ಆರಿಸುವಾಗ ನಾನು ಈಗ ಮೊದಲು ಮಾಡುವುದು ಅವರು ಮಾಡಿದ್ದನ್ನೇ. ಹಿಡಿಕೆ ಅರ್ಧ ತೆರೆದು ಅಲಗುಗಳನ್ನು ಅಡ್ಡಕ್ಕೆ ಅಲ್ಲಾಡಿಸುತ್ತೇನೆ, ಕದಲಿದರೆ ಕೆಳಗಿಡುತ್ತೇನೆ. ಆಮೇಲೆ ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯುತ್ತೇನೆ. ಒಳ್ಳೆಯ ಕತ್ತರಿ ಮುಚ್ಚಿದಾಗ ತುದಿ ಕೂಡಿರುತ್ತದೆ, ನಡುವೆ ಬೆಳಕಿನ ಒಂದು ಸಣ್ಣ ಗೆರೆ ಕಾಣುತ್ತದೆ. ನಾನು ಇಷ್ಟು ದಿನ ಅದನ್ನು ದೋಷ ಎಂದುಕೊಂಡಿದ್ದೆ. ಅಲಗುಗಳನ್ನು ಬೇಕೆಂದೇ ಒಳಕ್ಕೆ ಬಾಗಿಸಿರುತ್ತಾರೆ. ಅದರಿಂದಾಗಿ ಎರಡೂ ಯಾವ ಗಳಿಗೆಯಲ್ಲೂ ಒಂದೇ ಬಿಂದುವಿನಲ್ಲಿ ಒತ್ತಿಕೊಳ್ಳುತ್ತವೆ, ಆ ಬಿಂದು ತಿರುಪಿನಿಂದ ತುದಿಯವರೆಗೆ ಜಾರುತ್ತಾ ಹೋಗುತ್ತದೆ. ಕತ್ತರಿಸುವುದು ಆ ಬಿಂದು.

ಇಷ್ಟಿದ್ದರೂ ನುಣುಪಾದ ದಾರ ಮುಚ್ಚುವ ಬಾಯಿಯಿಂದ ಮುಂದಕ್ಕೆ ಜಾರಬಹುದು. ಅದಕ್ಕೇ ಬ್ರೇಡ್ ಕತ್ತರಿಗಳಲ್ಲಿ ಒಂದು ಅಲಗಿಗೆ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಹಲ್ಲು ಕೊಟ್ಟಿರುತ್ತಾರೆ. ಉಗುರು ಅಡ್ಡ ಎಳೆದರೆ ಜರಜರ ಅನ್ನುತ್ತದೆ. ಹಲ್ಲಿನ ಅಲಗು ದಾರವನ್ನು ಹಿಡಿದಿಟ್ಟರೆ ಸಾದಾ ಅಲಗು ಕೊಯ್ಯುತ್ತದೆ. ನನ್ನದೂ ಅಂಥದ್ದೇ.

ನೇಲ್ ಕಟರ್ ನೈಲಾನ್ ದಾರಕ್ಕೆ ಚೆನ್ನ, ಬ್ರೇಡಿಗೆ ಬೇಡ. ಎರಡು ಅಂಚು ಎದುರೆದುರು ಕಚ್ಚುತ್ತವೆ, ಬಾಗಿದ ಬಾಯಲ್ಲಿ ಒಂದೆರಡು ಎಳೆ ಉಳಿದೇ ಉಳಿಯುತ್ತದೆ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ದಾರ ತೆಗೆಯಲು ಇಟ್ಟುಕೊಳ್ಳುವ ಟ್ರಿಮ್ಮರ್ ಹೊಸದಿರುವಾಗ ಸೊಗಸಾಗಿ ಕತ್ತರಿಸುತ್ತದೆ. ತಿರುಪಿಲ್ಲದ ಸ್ಪ್ರಿಂಗ್ ಕತ್ತರಿ ಅದು, ಸ್ವಲ್ಪ ದಿನಕ್ಕೆ ಅಲಗು ಅಗಲುತ್ತದೆ. ಮೀರತ್ತಿನ ಕತ್ತರಿಗೆ 2013ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ, ದರ್ಜಿಗಳಿಗೆ ಅದು ಪ್ರಾಣ. ಆದರೆ ಅದು ಕೈತುಂಬ ತೂಕದ್ದು, ಕಾರ್ಬನ್ ಉಕ್ಕಿನದು, ಉಪ್ಪುನೀರು ತಾಗಿದರೆ ತುಕ್ಕು. ಕಡಲಿಗೆ ಹೋಗುವವರಿಗೆ ಸ್ಟೇನ್‌ಲೆಸ್ಸೇ ಸರಿ, ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒರೆಸಿ ತಿರುಪಿಗೆ ಒಂದು ಹನಿ ಎಣ್ಣೆ. ಬೆಂಕಿಕಡ್ಡಿಯಿಂದ ಸುಡುವವರೂ ಇದ್ದಾರೆ. ಈ ನೂಲು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ; ಗಂಟಿನ ಪಕ್ಕ ಜ್ವಾಲೆ ತಂದರೆ ಗಂಟೇ ಸಡಿಲ.

ಕತ್ತರಿಸಿದ ತುಂಡನ್ನು ನೀರಿಗೆ ಎಸೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದು ಕೊಳೆಯುವುದಿಲ್ಲ, ಮುಳುಗುವುದೂ ಇಲ್ಲ. ದಾರ ಹಕ್ಕಿಗೆ ಏನು ಮಾಡುತ್ತದೆ ಎಂಬುದು ಬೆಂಗಳೂರಿನವರಿಗೆ ಗಾಳಿಪಟದ ಮಾಂಜಾದಿಂದ ಗೊತ್ತು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿತು. ಆದರೂ ಆಷಾಢದ ಗಾಳಿ ಎದ್ದರೆ ಮರಗಳಲ್ಲಿ ಹದ್ದುಗಳು ರೆಕ್ಕೆ ಸಿಕ್ಕಿ ನೇತಾಡುತ್ತವೆ. 1996ರಲ್ಲಿ ಶುರುವಾದ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಅಂಥ ಹಕ್ಕಿಗಳು ಬರುತ್ತವೆ. ನಮ್ಮ ರಸ್ತೆಯಲ್ಲಿ ಒಂದು ಹದ್ದು ಹಾಗೆ ಸಿಕ್ಕಿದ ದಿನ ಮೊನಚು ತುದಿಯ ಕತ್ತರಿ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಪಕ್ಕದ ಮನೆಯ ನರ್ಸಮ್ಮ ಮೊಂಡು ತುದಿಯ ಬ್ಯಾಂಡೇಜ್ ಕತ್ತರಿ ತಂದು, ಟವೆಲ್ಲಿನಡಿ ಹಕ್ಕಿಯ ತಲೆ ಮುಚ್ಚಿ, ದಾರವನ್ನು ಎಳೆಯದೆ ಎರಡೂ ಕಡೆ ಕತ್ತರಿಸಿದರು. ರೆಕ್ಕೆಯೊಳಗೆ ಹೂತಿದ್ದನ್ನು ಮುಟ್ಟದೆ ಹಾಗೇ ಆಸ್ಪತ್ರೆಗೆ ಬಿಟ್ಟರು. ಅಂದಿನಿಂದ ನನ್ನ ಗಾಳದ ಪೆಟ್ಟಿಗೆಯಲ್ಲಿ ಎರಡು ಕತ್ತರಿ.

ಶೆಡ್ಡಿನ ಕಥೆ ಅರ್ಧಕ್ಕೆ ನಿಂತಿತು. ಆ ಹಿರಿಯರು ಕತ್ತರಿ ಬಿಚ್ಚಿ, ಸಾದಾ ಅಲಗಿನ ಒಳಮೈಗೆ ನೀಲಿ ಬಣ್ಣದ ತೆಳು ಲೇಪ ಹಚ್ಚಿ, ಜೋಡಿಸಿ ಒಮ್ಮೆ ಮುಚ್ಚಿದರು. ಬ್ಲೂ ಮ್ಯಾಚಿಂಗ್ ಎನ್ನುತ್ತಾರೆ. ನೀಲಿ ಅಳಿಸಿದ ಕಡೆ ಅಲಗು ತಾಗಿದೆ, ಉಳಿದ ಕಡೆ ಇಲ್ಲ. ನಡುವೆ ಒಂದು ಇಂಚು ನೀಲಿ ಹಾಗೇ ಇತ್ತು. ಒಳಮೈಯನ್ನು ಅವರು ಚಕ್ರಕ್ಕೆ ಕೊಡಲೇ ಇಲ್ಲ. “ಒಳಗಡೆ ಉಜ್ಜಿದ್ರೆ ಬಾಗು ಹೋಯ್ತು, ಕತ್ತರೀನೂ ಹೋಯ್ತು.” ಹಲ್ಲಿನ ಅಲಗನ್ನೂ ಮುಟ್ಟಲಿಲ್ಲ, ಸಾಣೆಗೆ ಕೊಟ್ಟರೆ ಹಲ್ಲು ನೆಲಸಮವಾಗುತ್ತದಂತೆ. ಸಾದಾ ಅಲಗಿನ ಹೊರ ಇಳಿಜಾರನ್ನು ಮಾತ್ರ ಎರಡು ಬಾರಿ ತೆಳ್ಳಗೆ ಚಕ್ರಕ್ಕೆ ತೋರಿಸಿ, ತಿರುಪನ್ನು ಕಾಲು ಸುತ್ತು ಬಿಗಿ ಮಾಡಿದರು. ಒಂದು ಹಿಡಿಕೆ ಹಿಡಿದು ಇನ್ನೊಂದನ್ನು ಬಿಟ್ಟರು. ಅದು ದಡಕ್ಕನೆ ಬೀಳಲಿಲ್ಲ, ನಿಧಾನವಾಗಿ ಇಳಿದು ಅರ್ಧದಲ್ಲಿ ನಿಂತಿತು.

ಜೇಬಿನಿಂದ ಬ್ರೇಡ್ ತೆಗೆದು ಕೊಟ್ಟೆ. ಸಡಿಲ ಹಿಡಿದೇ ಕತ್ತರಿಸಿದರು. ಚಿಕ್ ಎಂದಿತು. ತುದಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಒಂದು ನೂಲೂ ಎದ್ದಿಲ್ಲವೆಂದು ಖಾತ್ರಿ ಮಾಡಿಕೊಂಡರು.

ದುಡ್ಡು ಕೊಡಲು ಹೋದಾಗ ಅವರ ಕಣ್ಣು ದಾರದ ಉರುಳೆಯ ಮೇಲೇ ಇತ್ತು. “ಒಂದೆರಡು ಮಾರು ಬಿಟ್ಟು ಹೋಗಿ ಸಾರ್. ಇನ್ಮೇಲೆ ಕತ್ತರಿ ಬಂದ್ರೆ ಇದ್ರಲ್ಲೇ ಟೆಸ್ಟ್ ಮಾಡ್ತೀನಿ.”

ಗ್ರೈಂಡರಿನ ಪಕ್ಕದ ಮೊಳೆಗೆ ಅದನ್ನು ಸುತ್ತಿ ನೇತುಹಾಕಿದರು.