ಗಡಂಗಿನ ಹೊತ್ತಿಗೆ ತಾಳದ ಸದ್ದು

ಮದ್ಯವರ್ಜನ ಶಿಬಿರವೆಂದರೆ ಕುಡಿತ ಬಿಡಬೇಕೆಂದು ಬಂದವರನ್ನು ಎಂಟು ದಿನ ಒಂದೇ ಸೂರಿನಡಿ ಇಟ್ಟುಕೊಂಡು ನೋಡಿಕೊಳ್ಳುವ ಊರೊಟ್ಟಿನ ಏರ್ಪಾಡು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಇದರ ಹಿಂದಿರುವುದು 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಅದರ ಜೊತೆಗೆ ಜನಜಾಗೃತಿ ವೇದಿಕೆ. ದೇವಸ್ಥಾನದ ಸಭಾಭವನವೋ ಕಲ್ಯಾಣಮಂಟಪವೋ ಶಿಬಿರದ ಜಾಗ. ಅಕ್ಕಿ, ಕಾಯಿ, ತರಕಾರಿ ಊರವರದು. ಪ್ರತಿ ಶಿಬಿರಕ್ಕೂ ಕ್ರಮಸಂಖ್ಯೆ ಉಂಟು. ಅದು ಸಾವಿರ ದಾಟಿ ಬಹಳ ಕಾಲವಾಯಿತು.

ಮೊದಲ ದಿನಗಳಲ್ಲಿ ಹಾಡಿಗೆ ಕಿವಿಯಿರುವುದಿಲ್ಲ. ಕುಡಿತ ನಿಂತ ಕೆಲವೇ ತಾಸುಗಳಲ್ಲಿ ಕೈನಡುಕ, ಬೆವರು, ನಿದ್ದೆಗೇಡು. ಎರಡು-ಮೂರು ದಿನಗಳೊಳಗೆ ಕೆಲವರಿಗೆ ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ. ಇದು ಪ್ರಾಣಕ್ಕೇ ಎರವಾಗಬಹುದು. ಅಂಥವರಿಗೆ ಬೇಕಾದ್ದು ಉಡುಪಿ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆಯಂಥ ಜಾಗ. ಭಜನೆ ಮದ್ದಲ್ಲ.

ಮದ್ದು ತನ್ನ ಕೆಲಸ ಮುಗಿಸಿದ ಮೇಲೂ ಸಂಜೆ ಎಂಬುದೊಂದು ಉಳಿಯುತ್ತದೆ. ಕೂಲಿ ಕೈಗೆ ಬಂದು, ಕಾಲು ತಾನಾಗಿಯೇ ಗಡಂಗಿನತ್ತ ತಿರುಗುವ ಹೊತ್ತು ಅದು. ಶಿಬಿರದ ದಿನಚರಿಯಲ್ಲಿ ಭಜನೆಗೆ ಜಾಗ ಇರುವುದರ ಲಾಭ ತಿಳಿಯುವುದು ಇಲ್ಲಿಯೇ. ನಡುಗುವ ಕೈಗೆ ತಾಳ ಕೊಟ್ಟರೆ ಅಂಚಿಗೆ ಅಂಚು ಕೂಡದೆ ಕಿಣಿಕಿಣಿ ಚದರುತ್ತದೆ. ನಡುಕ ಇಳಿದಂತೆ ಪೆಟ್ಟು ಒಂದೆಡೆ ಬೀಳುತ್ತದೆ. ಸುಧಾರಿಸಿದ್ದು ಪಕ್ಕದವನಿಗೂ ಕೇಳುತ್ತದೆ.

ಭಜನೆಯಿಂದ ಶಾಸ್ತ್ರೀಯ ಸಂಗೀತಕ್ಕೆ ದೂರವೂ ಹೆಚ್ಚಿಲ್ಲ. ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಕ್ರಮಗೊಳಿಸಿದವರೆಂದು ಹೆಸರಾದ ಪುರಂದರದಾಸರ ಪದಗಳೇ ಭಜನಾ ಮಂಡಳಿಯಲ್ಲೂ ಇವೆ, ಕಛೇರಿಯಲ್ಲಿ ತಾಳವಾದ್ಯಗಳ ತನಿ ಆವರ್ತನದ ನಂತರದ ದೇವರನಾಮಗಳಲ್ಲೂ ಇವೆ. ರಾಗಾಲಾಪನೆಯ ಹೊತ್ತಿಗೆ ತೂಕಡಿಸಿದವನೂ ಗೊತ್ತಿರುವ ಪದ ಬಂದಾಗ ತೊಡೆ ತಟ್ಟುತ್ತಾನೆ.

ಶಿಬಿರ ಮುಗಿಸಿದವರು ನವಜೀವನ ಸಮಿತಿಯ ಸದಸ್ಯರಾಗಿ ವಾರದ ಸಭೆಯಲ್ಲಿ ಸೇರುತ್ತಾರೆ. ಅಕ್ಟೋಬರ್ 2ರ ಗಾಂಧಿ ಸ್ಮೃತಿಯ ಆಸುಪಾಸಿನಲ್ಲಿ ಪಾನಮುಕ್ತರ ಸಮಾವೇಶ ನಡೆಯುತ್ತದೆ. ಇಂಥ ಗುಂಪಿಗೆ ಒಟ್ಟಾಗಿ ಸಂಗೀತ ಕೇಳಲು ಹೋಗುವುದು ಖರ್ಚಿನ ಬಾಬತ್ತೇನಲ್ಲ. ಕೊಲ್ಲೂರಿನಲ್ಲಿ ನವರಾತ್ರಿಯ ಸಂಗೀತ ಸೇವೆ ಇದೆ, ಜನವರಿ 10ರ ತಮ್ಮ ಹುಟ್ಟುಹಬ್ಬಕ್ಕೆ ದಶಕಗಳ ಕಾಲ ಬಂದು ಹಾಡಿದ ಗಾಯಕ ಯೇಸುದಾಸರ ಪರಂಪರೆ ಇದೆ. ಉಡುಪಿ ಕೃಷ್ಣಮಠದ ರಾಜಾಂಗಣವೂ ದೂರವಲ್ಲ. ಈ ಸೀಮೆಯವರಿಗೆ ಕಛೇರಿಗಿಂತ ಯಕ್ಷಗಾನದ ಆಟವೇ ಹತ್ತಿರ, ನಿಜ. ಆದರೆ ಹಸಿವು, ಸಿಟ್ಟು, ಒಂಟಿತನ, ದಣಿವು ಎಂಬ ನಾಲ್ಕರ ಬಗ್ಗೆ ಆಲ್ಕೋಹಾಲಿಕ್ಸ್ ಅನಾನಿಮಸ್ ಬಳಗದವರು ಎಚ್ಚರಿಸುವುದುಂಟು. ಬೆಳಗಿನವರೆಗಿನ ಬಯಲಾಟದಲ್ಲಿ ನಾಲ್ಕನೆಯದು ಖಂಡಿತ. ಹೊಸದಾಗಿ ಬಿಟ್ಟವರಿಗೆ ಕಾಲಮಿತಿಯ ಆಟವೇ ವಾಸಿ.

ಕಛೇರಿ ಒಂಬತ್ತಕ್ಕೆ ಮುಗಿದರೂ ಮನೆ ದಾರಿ ಉಳಿದಿರುತ್ತದೆ. ಕೊಲ್ಲೂರಿನ ಘಟ್ಟದ ಬುಡದಿಂದ ಕರಾವಳಿಯ ಹಳ್ಳಿಗಳಿಗೆ ಆ ಹೊತ್ತಿನಲ್ಲಿ ಬಸ್ಸು ನೆಚ್ಚಿಕೊಳ್ಳುವಂತಿಲ್ಲ. ಒಂದೇ ವ್ಯಾನಿನಲ್ಲಿ ಹೋಗಿ, ಒಬ್ಬೊಬ್ಬರನ್ನೂ ಮನೆ ಬಾಗಿಲಲ್ಲೇ ಇಳಿಸಬೇಕು. ಪೇಟೆಯ ಸರ್ಕಲ್ಲಿನಲ್ಲಿ ಅಲ್ಲ.