ಗಣಿಯೊಳಗೆ ಪೆಟ್ಟಾದರೆ

ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದ ಮನೆಯವಳು ನಾನು. ಓಣಿಯಲ್ಲಿ ಯಾರದಾದರೂ ಕಾಲು ಮುರಿದರೆ ಕಾಗದಪತ್ರ ಓದಿಸಲು ನನ್ನ ಹತ್ತಿರ ಬರುತ್ತಾರೆ. ಬಹಳ ಜನ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಕೇಳುತ್ತಾರೆ. ಗಣಿ ಕಾಯ್ದೆಗೆ ಒಳಪಟ್ಟ ಗಣಿಯನ್ನು 1948ರ ಇಎಸ್‌ಐ ಕಾಯ್ದೆ ಕಾರ್ಖಾನೆ ಎಂದು ಎಣಿಸಲೇ ಇಲ್ಲ. ಗಣಿಯವರಿಗೆ ಆಸರೆಯಾದದ್ದು 1923ರ ಪರಿಹಾರ ಕಾಯ್ದೆ. ಅದರ ತಿರುಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ.

ಗಾಯದಿಂದ ತಾತ್ಕಾಲಿಕವಾಗಿ ಕೆಲಸ ತಪ್ಪಿದರೆ, ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ. 25 ಕೊಡಬೇಕು. ಲೆಕ್ಕಕ್ಕೆ ಹಿಡಿಯುವ ಸಂಬಳ 15,000 ಎಂದಿಟ್ಟುಕೊಳ್ಳಿ: ಪ್ರತಿ ಸಲ 3,750 ರೂಪಾಯಿ, ತಿಂಗಳಿಗೆ 7,500. ಮಕ್ಕಳ ಫೀಸು, ಸಂತೆ, ಬಾಡಿಗೆ ಇರುವ ಮನೆಗೆ ಇದು ಸಾಲದು, ನಾನು ಒಪ್ಪುತ್ತೇನೆ. ಆದರೂ ಬಿಡಬಾರದ ಹಣ. ಮೊದಲ ಮೂರು ದಿನಕ್ಕೆ ಏನೂ ಇಲ್ಲ; ಕೆಲಸ ತಪ್ಪಿದ್ದು 28 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ ಮೊದಲ ದಿನದಿಂದಲೇ ಲೆಕ್ಕ. ಆಸ್ಪತ್ರೆಯ ನಿಜವಾದ ಖರ್ಚು ಬೇರೆ. ಬಿಲ್ಲುಗಳನ್ನು ಕಳೆಯಬೇಡಿ ಎಂದು ಹೆಣ್ಮಕ್ಕಳಿಗೆ ಪದೇ ಪದೇ ಹೇಳುತ್ತೇನೆ.

ನೆಲದಡಿ ದುಡಿಯುವವರಿಗೆ ಹದಿನೈದು ದಿನದ ಕೆಲಸಕ್ಕೆ ಒಂದು ದಿನದ ಸಂಬಳದ ರಜೆ ಗಣಿ ಕಾಯ್ದೆಯಿಂದ ಬಂದದ್ದು. ಅದು ದುಡಿದು ಗಳಿಸಿದ್ದು. ಪೆಟ್ಟಾದ ದಿನಗಳಿಗೆ ಅದನ್ನು ಖರ್ಚುಮಾಡುವ ಮುನ್ನ ಪರಿಹಾರ ಕೇಳಬೇಕು.

ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಕೂಡ ಕಾನೂನಿನ ಕಣ್ಣಲ್ಲಿ ಕೆಲಸದ ಗಾಯವೇ. ಗುತ್ತಿಗೆ ಕಾರ್ಮಿಕರೂ ಹಿಂಜರಿಯಬೇಕಿಲ್ಲ, ಪರಿಹಾರವನ್ನು ಮೂಲ ಮಾಲೀಕರಿಂದಲೇ ಕೇಳಬಹುದು.